ಹನ್ನೊಂದು ಗಂಟೆಯ ಎರರ್

ಜೂನ್ ೩, ಮಂಗಳವಾರ

ಕಂಪ್ಯೂಟರ್ ರಿಪೇರಿಯವನು ಫೋನಿನಲ್ಲಿ ಹೇಳಿದ: "ಎರರ್ ಬಂದಾಗೆಲ್ಲ ತಾರೀಕು, ಟೈಮು, ಏನ್ ಬಂತು ಅಂತ ಬರ್ದಿಡಿ ಸಾರ್. ಆಮೇಲೆ ನೋಡೋಣ." ಆಮೇಲೆ ಎಂದರೆ ಯಾವಾಗ ಎಂದು ಕೇಳುವಷ್ಟರಲ್ಲಿ ಇಟ್ಟೇಬಿಟ್ಟ. ಅವನಿಗೆ ಕೊಡಲು ಬೇರೆ ಹಾಳೆ ಇಟ್ಟಿದ್ದೇನೆ. ಈ ನೋಟ್‌ಬುಕ್ ನನಗೆ. ಆ ಹಾಳೆಯಲ್ಲಿ ಬರೆಯಲಾಗದ್ದನ್ನೆಲ್ಲ ಇಲ್ಲಿ ಕಕ್ಕಿಕೊಳ್ಳದಿದ್ದರೆ ತಲೆ ಸಿಡಿದುಹೋದೀತು.

ಇವತ್ತಿನದು: ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷ. ಒಬ್ಬ ಅಜ್ಜಿಯನ್ನು ಗಾಜಿನ ಬೂತಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಮಾತ್ರ ಗುಂಡಿ ಒತ್ತಬೇಕೆಂದು ಮೂರು ಸಲ ಹೇಳಿಕೊಟ್ಟು, ಎಡಗಿವಿ ಮುಗಿಸಿ ಬಲಗಿವಿಗೆ ಬಂದಿದ್ದೆ. ಕಂಪ್ಯೂಟರ್ ಪಟ್ಟನೆ ಆಫ್. ಫ್ಯಾನ್ ತಿರುಗುತ್ತಲೇ ಇತ್ತು, ಕರೆಂಟೇನೂ ಹೋಗಿರಲಿಲ್ಲ. ಹೋದರೂ ಮೇಜಿನ ಕೆಳಗೆ ಯುಪಿಎಸ್ ಡಬ್ಬ ಇದೆ, ಹತ್ತು ನಿಮಿಷ ಹಿಡಿದಿಡುತ್ತದೆ.

ಮತ್ತೆ ಆನ್ ಮಾಡಿದರೆ ಮೊದಲನೆಯ ಎರರ್: ಹಿಂದಿನ ಸಲ ಈ ಕಂಪ್ಯೂಟರನ್ನು ಸರಿಯಾದ ಕ್ರಮದಲ್ಲಿ ಆಫ್ ಮಾಡಿಲ್ಲ. ನಾನು ಆಫ್ ಮಾಡಿದೆನೇ? ತಾನೇ ಸತ್ತು ನನ್ನ ಮೇಲೆ ದೂರು! ಎರಡನೆಯದು: ಪರವಾನಗಿಯ ಅವಧಿ ಸರಿಯಿಲ್ಲ. ಸರಿ ಹೇಗಿದ್ದೀತು, ಅದರ ಗಡಿಯಾರ ಇಪ್ಪತ್ತು ವರ್ಷ ಹಿಂದಿನ ಜನವರಿ ಒಂದನೇ ತಾರೀಕಿಗೆ ಹೋಗಿ ಕೂತಿದೆ. ತಾರೀಕು ತಿದ್ದಿದರೆ ಮೂರನೆಯದು: ಡಿವೈಸ್ ನಾಟ್ ಫೌಂಡ್. ಕಿವಿ ಪರೀಕ್ಷೆಯ ಯಂತ್ರ ಅದರ ಮಗ್ಗುಲಲ್ಲೇ ಇದೆ, ವೈರು ಸಿಕ್ಕಿಸಿಕೊಂಡು, ಹಸಿರು ದೀಪ ಉರಿಸಿಕೊಂಡು. ಸಿಗಲಿಲ್ಲವಂತೆ.

ಈ ಆಸ್ಪತ್ರೆಯ ನೆಲಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಜನರ ಕಿವಿ ಪರೀಕ್ಷೆ ಮಾಡುತ್ತಿದ್ದೇನೆ. ನಮ್ಮ ಸಾಫ್ಟ್‌ವೇರ್ ಈ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾತ್ರ ನಡೆಯುತ್ತದೆ. ಅದನ್ನು ಮಾಡಿದ ಕಂಪನಿಯೇ ಕೈಬಿಟ್ಟು ಎಷ್ಟೋ ಕಾಲವಾಯಿತು. ಹೊಸದು ಬೇಕೆಂದು ಮೂರು ಸಲ ಬರೆದುಕೊಟ್ಟೆ. ಬರೆದುಕೊಟ್ಟದ್ದೇ ಬಂತು.

ಸಂಜೆ ಮನೆಗೆ ಹೋದರೆ ಅಲ್ಲಿ ಇನ್ನೊಂದು ರಗಳೆ. ಬೆಳಿಗ್ಗೆ ಹೊರಡುವಾಗ ಇವಳು ಬಾಗಿಲಲ್ಲಿ ನಿಂತು ಉಪ್ಪು ತರಲು ಹೇಳಿದ್ದಳು. ತಂದುಕೊಟ್ಟೆ. "ಮನೇಲಿ ಎರಡು ಪ್ಯಾಕೆಟ್ ಇದೆ, ಮತ್ತೆ ಯಾಕೆ ಉಪ್ಪು? ನಾನು ಹೇಳಿದ್ದು ಸೊಪ್ಪು ರೀ!" ಲೈಬ್ರರಿಯಲ್ಲಿ ಕೆಲಸ ಮಾಡಿ ಮಾಡಿ ಪಿಸುಗುಟ್ಟುವುದೇ ಅಭ್ಯಾಸವಾಗಿದೆ ಇವಳಿಗೆ. ಮನೆಯಲ್ಲಾದರೂ ಬಾಯಿ ಬಿಟ್ಟು ಮಾತಾಡು ಎಂದೆ. ಮುಖ ಊದಿಸಿಕೊಂಡಳು.

ಜೂನ್ ೪, ಬುಧವಾರ

ಬೆಳಿಗ್ಗೆ ಒಬ್ಬ ಬಸ್ ಡ್ರೈವರ್ ಬಂದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೈಯಲ್ಲಿ ಡಿಪೋದ ಚೀಟಿ. ಇಳಿಯಬೇಕೆಂದು ಯಾರೋ ಪ್ರಯಾಣಿಕರು ಬೆಲ್ ಒತ್ತಿದರೂ ನಿಲ್ಲಿಸಲಿಲ್ಲ, ಡ್ರೈವರ್‌ಗೆ ಕಿವಿ ಕೇಳಿಸುವುದಿಲ್ಲ ಎಂದು ದೂರು ಕೊಟ್ಟಿದ್ದಾರೆ.

"ಆ ಬೆಲ್ ಕೆಟ್ಟು ಎರಡು ತಿಂಗಳಾಯ್ತು ಸಾರ್. ಕೆಟ್ಟ ಬೆಲ್ ಯಾರಿಗೆ ಕೇಳ್ಸತ್ತೆ? ನಾನೇ ಬರ್ದುಕೊಟ್ಟಿದ್ದೆ ರಿಪೇರಿ ಮಾಡ್ಸಿ ಅಂತ. ಬೆಲ್ ಬಿಟ್ಟು ನನ್ನನ್ನ ರಿಪೇರಿಗೆ ಕಳ್ಸಿದ್ದಾರೆ."

ಸರ್ಟಿಫಿಕೇಟ್ ಸಿಗುವವರೆಗೆ ಸ್ಟಿಯರಿಂಗ್ ಮುಟ್ಟುವಂತಿಲ್ಲ, ಡಿಪೋದ ಗೇಟ್ ಕಾಯಬೇಕು. ಹತ್ತೊಂಬತ್ತನೇ ತಾರೀಕಿನೊಳಗೆ ಕೊಡದಿದ್ದರೆ ಗೇಟೇ ಗತಿ, ಕಾಯಂ.

ಸರದಿ ಬರುವ ಹೊತ್ತಿಗೆ ಹನ್ನೊಂದಾಯಿತು. ಬೂತಿನಲ್ಲಿ ಕೂರಿಸಿದೆ, ಎರಡು ಸದ್ದು ಕೊಟ್ಟೆ, ಅಷ್ಟೇ. ಆಫ್. ಆಮೇಲೆ ಅದೇ ಮೂರು ಎರರ್, ಅದೇ ಸಾಲಿನಲ್ಲಿ. ಮಧ್ಯಾಹ್ನದವರೆಗೆ ಒದ್ದಾಡಿ ಇನ್ನೊಂದು ದಿನ ಬರಲು ಹೇಳಿ ಕಳಿಸಿದೆ. ಆ ಮನುಷ್ಯ ಹೋಗುವಾಗ ಬಾಗಿಲ ಕಡೆ ತಿರುಗಿಕೊಂಡು ಏನೋ ಗೊಣಗಿದ. ಕೇಳಲು ಇಷ್ಟವಿರಲಿಲ್ಲ, ಬಿಟ್ಟೆ.

ಜೂನ್ ೫, ಗುರುವಾರ

ರಿಪೇರಿಯವನಿಗೆ ಹೆಸರಿಟ್ಟಿದ್ದೇನೆ: ರೀಸ್ಟಾರ್ಟಣ್ಣ. ಏನೇ ಹೇಳಿದರೂ "ಒಂದ್ಸಲ ರೀಸ್ಟಾರ್ಟ್ ಮಾಡಿ ಸಾರ್". ಮನೆಗೆ ಬೆಂಕಿ ಬಿದ್ದಿದೆ ಎಂದರೂ ಅದನ್ನೇ ಹೇಳಿಯಾನು.

ಇವತ್ತು ಫೋನಿನಲ್ಲಿ ಅರ್ಧ ಗಂಟೆ ಪಾಠ. ಆನ್ ಆಗುವಾಗಲೇ ಎಸ್ ಎಂಟು ಒತ್ತಿ ಎಂದ. ಎಸ್ ಒತ್ತಿದೆ, ಎಂಟು ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಆಫ್, ಮತ್ತೆ ಆನ್, ಮತ್ತೆ ಎಸ್, ಮತ್ತೆ ಎಂಟು. ಆರು ಸಲವಾದ ಮೇಲೆ ಫೋನನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು ಕೌಂಟರಿನವಳು. ನನ್ನ ಕೋಣೆಯ ಬಾಗಿಲ ಹೊರಗೆ ಕೂತು ಚೀಟಿ ಬರೆಯುವವಳು, ಕಂಪ್ಯೂಟರಿಗೂ ಅವಳಿಗೂ ಏನು ಸಂಬಂಧ? ಕೇಳಿಸಿಕೊಂಡು ಹೇಳಿದಳು: "ಅದು ಎಫ್ ಎಂಟು ಅಂತೆ ಸರ್, ಮೇಲ್ಗಡೆ ಸಾಲಲ್ಲಿ ಒಂದೇ ಕೀ." ಹಾಗಾದರೆ ಸರಿಯಾಗಿ ಹೇಳಬೇಕಪ್ಪ! ಬಾಯಲ್ಲಿ ಅನ್ನ ಇಟ್ಟುಕೊಂಡು ಮಾತಾಡಿದರೆ ಎಫ್ ಯಾವುದು ಎಸ್ ಯಾವುದು?

ಜೂನ್ ೭, ಶನಿವಾರ

ರೀಸ್ಟಾರ್ಟಣ್ಣ ಕಡೆಗೂ ದರ್ಶನ ಕೊಟ್ಟ. ಒಂಬತ್ತು ಗಂಟೆಗೆ, ಹೊರರೋಗಿಗಳ ವಿಭಾಗ ತೆರೆಯುವ ಮುಂಚೆ. ಪೆಟ್ಟಿಗೆ ಬಿಚ್ಚಿ, ಗಡಿಯಾರ ನಡೆಸುವ ಬಟನ್ ಸೆಲ್ ಸತ್ತಿದೆ ಎಂದು ತೋರಿಸಿದ. ನನ್ನ ಮೇಜಿನ ಖಾನೆಯ ತುಂಬ ರೋಗಿಗಳು ಕಿವಿಗೆ ಹಾಕಿಕೊಳ್ಳುವ ಯಂತ್ರದ ಬಟನ್ ಸೆಲ್‌ಗಳಿವೆ, ಒಂದೂ ಇದಕ್ಕೆ ಆಗುವುದಿಲ್ಲವಂತೆ. ಅವನೇ ಹೊಸದು ಹಾಕಿದ. ಸಾಫ್ಟ್‌ವೇರನ್ನು ಅಳಿಸಿ ಹೊಸದಾಗಿ ಕೂರಿಸಿದ. ವೈರನ್ನು ಇನ್ನು ಮುಂದೆ ಈ ತೂತಿಗೇ ಸಿಕ್ಕಿಸಿ, ಬೇರೆ ತೂತಿಗೆ ಹಾಕಿದರೆ ನಂಬರ್ ಬದಲಾಗಿ ಯಂತ್ರ ಸಿಗುವುದಿಲ್ಲ ಎಂದು ಬಿಳಿ ಟೇಪ್ ಅಂಟಿಸಿ ಗುರುತು ಮಾಡಿದ. ಎಲ್ಲ ಸರಿ ಹೋಯಿತು. ಹತ್ತು ಗಂಟೆಗೆ ಕೈ ಕುಲುಕಿ ಹೋದ. ಒಳ್ಳೆಯ ಮನುಷ್ಯ ಎಂದುಕೊಂಡೆ.

ಹನ್ನೊಂದು ಗಂಟೆ ನಾಲ್ಕು ನಿಮಿಷ: ಆಫ್.

ಜೂನ್ ೯, ಸೋಮವಾರ

ಹನ್ನೊಂದು ಆರು. ಹನ್ನೊಂದೂವರೆ. ಹನ್ನೆರಡೂಕಾಲು. ತಾರೀಕಿನ ಎರರ್ ಹೋಗಿದೆ, ಉಳಿದೆರಡು ಹಾಗೇ ಇವೆ. ಕುರ್ಚಿಗೆ ಒದ್ದೆ. ಕಾಲಿನ ಬೆರಳು ಊದಿದೆ.

ಜೂನ್ ೧೦, ಮಂಗಳವಾರ

ಇದು ಎಲ್ಲಕ್ಕಿಂತ ಕೆಟ್ಟದ್ದು.

ನಿಯಮದ ಪ್ರಕಾರ ದಿನಾ ಬೆಳಿಗ್ಗೆ ರೋಗಿಗಳು ಬರುವ ಮೊದಲು ಪರೀಕ್ಷಕ ತಾನೇ ಬೂತಿನಲ್ಲಿ ಕೂತು, ತನ್ನ ಕಿವಿಯಿಂದ ಯಂತ್ರವನ್ನು ತಾಳೆ ನೋಡಬೇಕು. ನಿಜ ಹೇಳುವುದಾದರೆ ನಾನದನ್ನು ಬಿಟ್ಟು ಮೂರು ವರ್ಷವಾಗಿದೆ. ಯಂತ್ರ ಚೆನ್ನಾಗಿತ್ತು, ಯಾಕೆ ಬೇಕಿತ್ತು? ಸಾಫ್ಟ್‌ವೇರ್ ಹೊಸದಾಗಿ ಹಾಕಿದ್ದಾರಲ್ಲ ಎಂದು ಇವತ್ತು ಕೂತೆ. ಕಂಪ್ಯೂಟರ್ ತಾನೇ ಸದ್ದು ಕೊಡುತ್ತಾ ಹೋಗುವ ಹಾಗೆ ಇಟ್ಟು, ಕೇಳಿದಾಗ ಗುಂಡಿ ಒತ್ತಿದೆ. ಹೊರಗೆ ಬಂದು ಗ್ರಾಫ್ ನೋಡಿದೆ. ದಪ್ಪ ಸದ್ದುಗಳಲ್ಲಿ ಗೆರೆ ಸರಿಯಾಗಿದೆ, ಕೀರಲು ಸದ್ದುಗಳ ಕಡೆ ಬರುತ್ತಿದ್ದಂತೆ ಬಾವಿಗೆ ಬಿದ್ದಂತೆ ಕೆಳಗೆ. ಎರಡೂ ಕಿವಿಯಲ್ಲಿ.

ಮೂರು ವರ್ಷ ಹಿಂದಿನ ನನ್ನ ಗ್ರಾಫನ್ನು ಫೈಲಿನಿಂದ ತೆಗೆದು ಪಕ್ಕದಲ್ಲಿಟ್ಟೆ. ಅದರಲ್ಲಿ ಗೆರೆ ನೆಟ್ಟಗಿದೆ. ಅಂದರೆ ರೀಸ್ಟಾರ್ಟಣ್ಣ ಸಾಫ್ಟ್‌ವೇರ್ ಅಳಿಸುವಾಗ ಸದ್ದಿನ ಅಳತೆಯ ಫೈಲನ್ನೂ ಅಳಿಸಿಹಾಕಿದ್ದಾನೆ. ಯಂತ್ರ ಈಗ ಕೀರಲು ಸದ್ದನ್ನು ಕೊಡಬೇಕಾದಷ್ಟು ಕೊಡುತ್ತಿಲ್ಲ. ಇಂಥ ಯಂತ್ರದಿಂದ ಯಾರಿಗೆ ಏನೆಂದು ಬರೆದುಕೊಡಲಿ? ಚೆನ್ನಾಗಿ ಕೇಳಿಸುವವರಿಗೂ ಕಿವುಡು ಎಂದು ಬರೆದಂತಾಗುತ್ತದೆ.

ಡ್ರೈವರ್ ಬಂದಿದ್ದ. ವಾಪಸ್ ಕಳಿಸಿದೆ. ಎಲ್ಲರನ್ನೂ ಕಳಿಸಿದೆ.

ಜೂನ್ ೧೨, ಗುರುವಾರ

ರೀಸ್ಟಾರ್ಟಣ್ಣ ಫೋನಿನಲ್ಲಿ ಆಣೆ ಇಡುತ್ತಾನೆ: "ಅಳತೆ ಫೈಲ್ ಕಾಪಿ ಮಾಡ್ಕೊಂಡೇ ಅಳಿಸಿದ್ದು ಸಾರ್. ವಾಪಸ್ ಹಾಕಿದೀನಿ. ಹಳೇದಕ್ಕೂ ಹೊಸದಕ್ಕೂ ಒಂದಕ್ಷರ ವ್ಯತ್ಯಾಸ ಇಲ್ಲ." ಹಾಗಾದರೆ ಹೆಡ್‌ಫೋನ್ ಹೋಗಿದೆ ಎಂದೆ. ಅದಕ್ಕೆ ಅವನು ಏನೋ ಅಂದ, ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ.

ಅಟ್ಟದ ಮೇಲಿದ್ದ ಹಳೆಯ ಹೆಡ್‌ಫೋನ್ ಹಾಕಿ ನೋಡಿದೆ. ಅದೂ ಹೋಗಿದೆ! ಅದೇ ಗೆರೆ, ಅದೇ ಬಾವಿ. ಈ ಆಸ್ಪತ್ರೆಯಲ್ಲಿ ನೆಟ್ಟಗಿರುವ ಒಂದೇ ಒಂದು ವಸ್ತು ಇಲ್ಲ.

ಸಂಜೆ ಟೀವಿ ನೋಡುತ್ತಿದ್ದಾಗ ಇವಳು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಕಿರಿಕಿರಿಯಲ್ಲಿ ಇವಳದ್ದೊಂದು.

ಜೂನ್ ೧೩, ಶುಕ್ರವಾರ

ಕೌಂಟರಿನವಳು ಬಂದು, "ನಾನೊಂದ್ಸಲ ಒಳಗೆ ಕೂತು ನೋಡ್ಲಾ ಸರ್?" ಎಂದಳು. ಇದು ತಕ್ಕಡಿ ಅಲ್ಲ ಕಣಮ್ಮ, ಯಾರು ಬೇಕಾದರೂ ಹತ್ತಿ ನೋಡುವುದಕ್ಕೆ, ಎಂದೆ. ಪಾಪ, ಮುಖ ಚಿಕ್ಕದಾಯಿತು. ಹೇಳಬಾರದಿತ್ತೇನೋ. ಆದರೂ ಎಲ್ಲರೂ ಬುದ್ಧಿ ಹೇಳುವವರೇ ಆದರೆ ಹೇಗೆ?

ಜೂನ್ ೧೬, ಸೋಮವಾರ

ಡ್ರೈವರ್ ಮೂರನೆಯ ಸಲ ಬಂದರು. ಈ ಸಲ ಕೂರಲಿಲ್ಲ, ಮೇಜಿನ ಮೇಲೆ ಎರಡೂ ಕೈ ಊರಿ ನಿಂತರು.

"ಸಾರ್, ಇಪ್ಪತ್ತೇಳು ವರ್ಷ ಓಡ್ಸಿದೀನಿ. ಒಂದು ಕೋಳಿ ಮೇಲೂ ಚಕ್ರ ಹತ್ಸಿಲ್ಲ. ಇವತ್ತು ಡಿಪೋ ಗೇಟಲ್ಲಿ ನಿಂತು, ನನ್ನ ಬಸ್ಸನ್ನ ಬೇರೆಯವ್ರು ತಗೊಂಡು ಹೋಗೋವಾಗ ಸಲಾಮ್ ಹೊಡೀತಾ ಇದೀನಿ. ನಿಮ್ಮ ಮಿಷಿನ್ ಸರಿ ಇಲ್ಲ ಅಂದ್ರೆ ಅದನ್ನೇ ಬರ್ದುಕೊಡಿ."

"ಹಾಗೆಲ್ಲ ಬರ್ದುಕೊಡಕ್ಕಾಗಲ್ಲ."

"ಮತ್ತೆ ಏನಾಗತ್ತೆ ನಿಮ್ಮ ಕೈಲಿ?"

ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ. ಬುಧವಾರ ಒಂಬತ್ತೂವರೆಗೆ ಬನ್ನಿ, ಏನಾದರೂ ಮಾಡುತ್ತೇನೆ ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿಲ್ಲ.

ಜೂನ್ ೧೮, ಬುಧವಾರ

ನಿಧಾನವಾಗಿ, ಆದದ್ದು ಆದಹಾಗೆ ಬರೆಯುತ್ತೇನೆ.

ಡ್ರೈವರ್ ಒಂಬತ್ತೂವರೆಗೆ ಸರಿಯಾಗಿ ಬಂದರು. ಆದರೆ ಇವತ್ತು ಮೊದಲೇ ಹೇಳಿಟ್ಟಿದ್ದ ಇಬ್ಬರು ಮಕ್ಕಳಿದ್ದರು, ಕಿವಿಗೆ ಹಾಕುವ ಯಂತ್ರಕ್ಕಾಗಿ ಅವರ ಕಿವಿಯ ಅಚ್ಚು ತೆಗೆದು ಮುಗಿಸುವಷ್ಟರಲ್ಲಿ ಹತ್ತೂವರೆ. ನಾನು ಡ್ರೈವರ್‌ಗೆ ಹೇಳಿದೆ, ಯಂತ್ರ ತಪ್ಪು ತೋರಿಸುತ್ತಿದೆ, ಕೀರಲು ಸದ್ದಿನಲ್ಲಿ ಗೆರೆ ಬಿದ್ದೇ ಬೀಳುತ್ತದೆ ಎಂದು. "ಬೀಳ್ಲಿ ಸಾರ್. ಬಿದ್ರೆ ಹರಿದು ಬಿಸಾಕಿ. ಒಂದ್ಸಲ ಮಾಡಿ," ಎಂದು ತಾವೇ ಒಳಗೆ ಹೋಗಿ ಕೂತರು.

ಮಾಡಿದೆ. ಗೆರೆ ಬೀಳಲಿಲ್ಲ.

ಎಡಗಿವಿ, ಬಲಗಿವಿ, ಎರಡೂ ಕೊನೆಯವರೆಗೆ ನೆಟ್ಟಗೆ, ಸ್ಕೇಲ್ ಇಟ್ಟು ಎಳೆದಂತೆ. ನನ್ನ ಕಣ್ಣನ್ನು ನಂಬದೆ ಇನ್ನೊಂದು ಸಲ ಮಾಡಿದೆ. ಅದೇ. ಕೆಟ್ಟ ಹೆಡ್‌ಫೋನ್ ಎಲ್ಲರಿಗೂ ಕೆಟ್ಟದ್ದಾಗಿರಬೇಕು, ನನಗೊಬ್ಬನಿಗೆ ಮಾತ್ರ ಕೆಡುವುದು ಹೇಗೆ? ಈ ಯೋಚನೆ ಅರ್ಧಕ್ಕೆ ಬಂದಿತ್ತು, ಪೂರ್ತಿಯಾಗಲು ಬಿಡದೆ ಪ್ರಿಂಟ್ ಒತ್ತಿದೆ.

ಡ್ರೈವರ್ ಹೊರಗೆ ಬಂದು ನಿಂತಿದ್ದರು. ಮೇಜಿನ ಕೆಳಗೆ ಕೈ ತೋರಿಸಿ, "ಆ ಡಬ್ಬ ಯಾಕೆ ಸಾರ್ ಹಂಗೆ ಕಿರುಚ್ತಾ ಇದೆ?" ಎಂದರು.

"ಯಾವ ಡಬ್ಬ?"

"ಅದೇ, ಕೀ ಕೀ ಅಂತಿದೆಯಲ್ಲ. ನಮ್ಮ ಗಾಡೀಲಿ ಹಿಂಗೆ ಬಡ್ಕೊಂಡ್ರೆ ಇನ್ನೇನು ನಿಲ್ಲತ್ತೆ ಅಂತ ಅರ್ಥ."

ಅವರ ಮಾತು ಮುಗಿಯುವುದರೊಳಗೆ ಕಂಪ್ಯೂಟರ್ ಆಫ್ ಆಯಿತು. ಗೋಡೆ ಗಡಿಯಾರದಲ್ಲಿ ಹನ್ನೊಂದು ಮೂರು.

ಕೌಂಟರಿನವರು ಬಾಗಿಲಲ್ಲಿ ಬಂದು ನಿಂತರು. "ದಿನಾ ಇದೇ ಹೊತ್ತಿಗೆ ಸರ್. ಪಕ್ಕದಲ್ಲಿ ಎಕ್ಸ್‌ರೇ ಶುರು ಮಾಡಿದ ಕೂಡ್ಲೇ ಲೈಟ್ ಮಂಕಾಗತ್ತೆ, ಇದು ಕಿರುಚತ್ತೆ. ನಾನು ನಿಮ್ಮ ಟೆಸ್ಟಿನ ಸದ್ದು ಅನ್ಕೊಂಡಿದ್ದೆ. ಈ ರೂಮಲ್ಲಿ ಇಡೀ ದಿನ ಅದೇ ಅಲ್ವಾ?"

ನಾನು ಮೊಣಕಾಲೂರಿ ಮೇಜಿನ ಕೆಳಗೆ ನುಗ್ಗಿದೆ. ಯುಪಿಎಸ್ ಡಬ್ಬದ ಮೇಲೆ ಕೆಂಪು ದೀಪ ಹತ್ತಿ ಆರುತ್ತಿತ್ತು. ಕಿವಿಯನ್ನು ಅದಕ್ಕೆ ತಾಗಿಸಿಟ್ಟೆ. ಏನೂ ಇಲ್ಲ. ಅಲ್ಲಿಂದಲೇ ಕತ್ತು ತಿರುಗಿಸಿ ನೋಡಿದೆ. ಕೌಂಟರಿನವರು ಎರಡೂ ಕಿವಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

"ಈಗ್ಲೂ ಕಿರುಚ್ತಾ ಇದೆಯಾ?" ಎಂದು ಕೇಳಿದೆ.

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೌಂಟರಿನವರು ಹೌದೆಂದು ತಲೆ ಆಡಿಸಿದರು.

ಆಮೇಲೆ ಮಾಡಿದ್ದು ಇಷ್ಟು. ಎಕ್ಸ್‌ರೇ ಕರೆಂಟ್ ಎಳೆದ ಕೂಡಲೇ ಹಳೆಯ ಬ್ಯಾಟರಿ ತಡೆಯಲಾರದೆ ಕೈಕೊಡುತ್ತಿದ್ದ ಆ ಯುಪಿಎಸ್ಸಿನ ವೈರು ಕಿತ್ತೆ. ಎದುರಿನ ಡ್ರೆಸ್ಸಿಂಗ್ ಕೋಣೆಯಿಂದ ಉದ್ದನೆಯ ವೈರು ಎಳೆದು ಕಂಪ್ಯೂಟರಿಗೆ ನೇರ ಕರೆಂಟ್ ಕೊಟ್ಟೆ. ಎರರ್‌ಗಳನ್ನು ಒಂದೊಂದಾಗಿ ದಾಟಿದೆ. ಕೌಂಟರಿನವರನ್ನು ಕರೆದು, ದಯವಿಟ್ಟು ಒಂದು ಸಲ ಕೂತ್ಕೊಳ್ತೀರಾ ಎಂದೆ. ಕೂತರು. ನೆಟ್ಟನೆಯ ಗೆರೆ. ಡ್ರೈವರನ್ನು ಇನ್ನೊಂದು ಸಲ ಕೂರಿಸಿದೆ, ನೆಟ್ಟನೆಯ ಗೆರೆ, ಈ ಸಲ ಪ್ರಿಂಟೂ ಬಂತು. ಎಕ್ಸ್‌ರೇ ನಡೆಯುತ್ತಲೇ ಇತ್ತು, ಕಂಪ್ಯೂಟರ್ ಅಲುಗಾಡಲಿಲ್ಲ.

ಸರ್ಟಿಫಿಕೇಟಿಗೆ ಸಹಿ ಹಾಕಿ ಅವರ ಕೈಗೆ ಕೊಡುವಾಗ ಹೇಳಿದೆ: "ನಿಮ್ಮ ಕಿವಿಗೆ ಏನೂ ಆಗಿಲ್ಲ. ಮಿಷಿನ್‌ಗೂ ಆಗಿಲ್ಲ. ತೊಂದರೆ ಇದ್ದದ್ದು ನನ್ನ ಕಿವೀಲಿ. ನನ್ನಿಂದ ನೀವು ಎರಡು ವಾರ ಗೇಟ್ ಕಾಯೋ ಹಾಗಾಯ್ತು."

ಬೈಯುತ್ತಾರೆಂದುಕೊಂಡೆ. ಅವರು ಕಾಗದವನ್ನು ಮಡಿಸಿ ಜೇಬಿಗಿಟ್ಟು, "ಮನೇಲಿ ಹೇಳಿದೀರಾ ಸಾರ್?" ಎಂದು ಕೇಳಿದರು. ಅವರ ತುಟಿಯನ್ನೇ ನೋಡುತ್ತಿದ್ದೆನೆಂದು ಆಗ ಗೊತ್ತಾಯಿತು.

ಜೂನ್ ೧೯, ಗುರುವಾರ

ಇವತ್ತೂ ಕೂತೆ. ಕೀರಲು ಸದ್ದಿಗೆ ಎಡಗಿವಿ ಎಪ್ಪತ್ತೈದು ಡೆಸಿಬಲ್. ಬಲಗಿವಿ ಎಂಬತ್ತು. ಇಪ್ಪತ್ತೈದರೊಳಗಿದ್ದರೆ ಸರಿಯಾದ ಕಿವಿ.

ಇವಳಿಗೆ ಹೇಳಿದೆ. "ನಂಗೆ ಗೊತ್ತು ರೀ," ಎಂದಳು. ಒಂದು ವರ್ಷದಿಂದ ಗೊತ್ತಂತೆ. ಮತ್ತೆ ಹೇಳಬಾರದಿತ್ತೇ ಎಂದು ರೇಗಿದೆ. "ಹೇಳಿದ್ದೆ," ಎಂದಳು. "ನಿಮಗೆ ಕೇಳಿಸಲಿಲ್ಲ." ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ನಾನೂ.

ಜೂನ್ ೨೧, ಶನಿವಾರ

ದೊಡ್ಡ ಡಾಕ್ಟರ ಕೋಣೆಗೆ ಹೋಗಿ ನನ್ನ ಹಳೆಯ, ಹೊಸ ಎರಡೂ ಗ್ರಾಫುಗಳನ್ನು ಅವರ ಮುಂದಿಟ್ಟೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದಿಲ್ದೆ ನಂಗೆ ನಿಮ್ಮ ಮುಖ ಕಾಣಲ್ಲ. ಆದ್ರೂ ದಿನಾ ಆಪರೇಷನ್ ಮಾಡ್ತೀನಿ. ನೀವೂ ಕಿವಿಗೆ ಹಾಕ್ಕೊಳ್ಳಿ, ಕೆಲಸ ಮಾಡಿ," ಎಂದರು. ಅಷ್ಟಕ್ಕೇ ಎದ್ದುಬರಬಹುದಿತ್ತು.

ಆದರೆ ಇನ್ನೊಂದಿದೆ. ಸದ್ದಿನ ಪರೀಕ್ಷೆ ಕಂಪ್ಯೂಟರಿನದು, ಅದರಲ್ಲಿ ನನ್ನ ಕಿವಿಗೆ ಕೆಲಸವಿಲ್ಲ. ಮಾತಿನ ಪರೀಕ್ಷೆ ಹಾಗಲ್ಲ. ನಾನು ಪದ ಹೇಳುತ್ತೇನೆ, ರೋಗಿ ಅದನ್ನೇ ತಿರುಗಿ ಹೇಳಬೇಕು, ಸರಿಯೋ ತಪ್ಪೋ ಎಂದು ಕೇಳಿಸಿಕೊಂಡು ಗುರುತು ಹಾಕುವವನು ನಾನು. ಅವರು ಸರಿಯಾಗಿ ಹೇಳಿ ನಾನು ತಪ್ಪು ಎಂದು ಹಾಕಿದ್ದೆಷ್ಟು? ಹೇಳಿದೆ. ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ಎಲ್ಲರನ್ನೂ ವಾಪಸ್ ಕರೆಸಿ ಎಂದರು.

ಜೂನ್ ೨೭, ಶುಕ್ರವಾರ

ಈ ವರ್ಷದವರೇ ನಲವತ್ತೊಂದು ಜನ. ಕೌಂಟರಿನವರು ಫೋನ್ ಮಾಡುತ್ತಾರೆ, ನಾನು ಪಕ್ಕದಲ್ಲಿ ಪಟ್ಟಿ ಹಿಡಿದು ಕೂರುತ್ತೇನೆ. ಪರೀಕ್ಷೆಯಲ್ಲಿ ನಾನು ಪದ ಹೇಳುತ್ತೇನೆ, ರೋಗಿಯ ಉತ್ತರವನ್ನು ಕೌಂಟರಿನವರು ಕೇಳಿಸಿಕೊಂಡು ಗುರುತು ಹಾಕುತ್ತಾರೆ. ಮೊದಲ ದಿನ ಭಯಪಡುತ್ತಿದ್ದರು, ಈಗ ನನ್ನನ್ನೇ ತಿದ್ದುತ್ತಾರೆ: "ಸರ್, ತುಟಿ ಕಾಣದ ಹಾಗೆ ಮುಖ ಮುಚ್ಕೊಂಡು ಹೇಳ್ಬೇಕು ಅಂತ ನೀವೇ ಅಂದ್ರಲ್ಲ."

ಆ ಮೊದಲ ದಿನದ ಅಜ್ಜಿ ಇವತ್ತು ಬಂದಿದ್ದರು. ಅಂದು ಕಂಪ್ಯೂಟರ್ ಕೈಕೊಟ್ಟ ಮೇಲೆ ಮಾತಿನ ಪರೀಕ್ಷೆಯೊಂದನ್ನೇ ಮಾಡಿ, ಆಕೆಗೆ ಮಾತು ಅರ್ಧಕ್ಕರ್ಧ ತಿಳಿಯುವುದಿಲ್ಲ ಎಂದು ನಾನು ಬರೆದಿದ್ದೆ. ಇಪ್ಪತ್ತೈದು ಪದದಲ್ಲಿ ಇಪ್ಪತ್ತೆರಡು ಸರಿ. "ನಾನು ಹೇಳ್ದೆ ಕಣಪ್ಪ, ನೀನು ಕೇಳ್ಲಿಲ್ಲ," ಎಂದರು. ಹೌದಮ್ಮ, ನಂಗೆ ಕೇಳಿಸ್ಲಿಲ್ಲ ಎಂದು ಕೈ ಮುಗಿದೆ. ಮಗಳ ಮನೆಯಲ್ಲಿ ಎಲ್ಲರೂ ಆಕೆಯೊಡನೆ ಮಾತಾಡುವುದನ್ನೇ ಬಿಟ್ಟಿದ್ದರಂತೆ, ನನ್ನ ರಿಪೋರ್ಟ್ ನೋಡಿ. ಮಗಳನ್ನು ಒಳಗೆ ಕರೆದು, ತಪ್ಪು ನನ್ನದೆಂದು ಹೇಳಿ, ಹೊಸ ರಿಪೋರ್ಟ್ ಕೈಗಿಟ್ಟೆ.

ರೀಸ್ಟಾರ್ಟಣ್ಣ ಹೊಸ ಯುಪಿಎಸ್ ತಂದು ಕೂರಿಸಿಹೋದರು. ಅಳತೆ ಫೈಲಿನ ಬಗ್ಗೆ ಅವರನ್ನು ಬೈದದ್ದಕ್ಕೆ ಕ್ಷಮೆ ಕೇಳಿದೆ. ಅಂದು ಫೋನಿನಲ್ಲಿ ಏನು ಹೇಳಿದಿರಿ, ನನಗೆ ಅರ್ಥವಾಗಲಿಲ್ಲ ಎಂದೆ. ತುಂಬ ಹಿಂಜರಿದರು. "ಬೇರೆ ಯಾರನ್ನಾದ್ರೂ ಕೂರ್ಸಿ ನೋಡಿ ಸಾರ್ ಅಂದಿದ್ದೆ," ಎಂದರು.

ಜುಲೈ ೯, ಬುಧವಾರ

ಎರಡೂ ಕಿವಿಗೆ ಯಂತ್ರ ಹಾಕಿಕೊಂಡು ಐದು ದಿನವಾಯಿತು. ನೂರಾರು ಜನರಿಗೆ ಹಾಕಿಕೊಟ್ಟು, ಒಂದು ವಾರದಲ್ಲಿ ಒಗ್ಗಿಹೋಗುತ್ತದೆ ಎಂದು ಹೇಳಿದ್ದೇನೆ. ಎಂಥ ಸುಳ್ಳು! ಪೇಪರ್ ಮಡಿಸಿದರೆ ಗುಂಡು ಹಾರಿಸಿದಂತೆ. ನಲ್ಲಿ ಬಿಟ್ಟರೆ ಜಲಪಾತ. ನನ್ನ ಚಪ್ಪಲಿ ಇಷ್ಟು ಕಿರುಗುಟ್ಟುತ್ತದೆಂದು ಯಾರೂ ಯಾಕೆ ಹೇಳಲಿಲ್ಲ?

ಸಂಜೆ ಮನೆಗೆ ಬರಲು ಬಸ್ ಹತ್ತಿದರೆ ಸ್ಟಿಯರಿಂಗ್ ಹಿಂದೆ ಅವರು. ಖಾಕಿ ಅಂಗಿ, ಅದೇ ಇಸ್ತ್ರಿ. ನನ್ನ ಕಿವಿ ಕಡೆ ಒಮ್ಮೆ ನೋಡಿ, ತಮ್ಮ ಹಿಂದಿನ ಸೀಟಿನ ಮೇಲಿದ್ದ ಟಿಫಿನ್ ಡಬ್ಬಿ ತೆಗೆದು ಜಾಗ ಮಾಡಿಕೊಟ್ಟರು.

ಕೂತೆ. ಬಸ್ ಹೊರಟದ್ದೇ ತಡ, ಒಂದೊಂದು ಕಿಟಕಿಯೂ ಗಡಗಡ. ಗೇರ್ ಹಾಕಿದರೆ ಕಿರ್ರೆನ್ನುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಯಾರದೋ ಮದುವೆ ಮುರಿದ ಕಥೆ ಹೇಳಿಕೊಳ್ಳುತ್ತಿದ್ದಾರೆ, ಒಂದಕ್ಷರ ಬಿಡದೆ ಕೇಳುತ್ತದೆ. ಹೀಗಾದರೆ ಮನುಷ್ಯ ನೆಮ್ಮದಿಯಾಗಿ ಮನೆ ಸೇರುವುದು ಹೇಗೆ? ಕಡೆಗೆ ತಡೆಯಲಾರದೆ ಮುಂದಕ್ಕೆ ಬಗ್ಗಿ, "ಈ ಕಿಟಕಿಗಳಿಗೆ ಒಂದೊಂದು ರಬ್ಬರ್ ತುಂಡಾದ್ರೂ ಸಿಕ್ಕಿಸಬಾರ್ದಾ? ಎಷ್ಟು ದಿನದಿಂದ ಹೀಗೆ ಬಡ್ಕೊಳ್ತಿದೆ ಇದು?" ಎಂದು ರೇಗಿದೆ.

"ಮೊದಲಿಂದ್ಲೂ ಹೀಗೇ ಸಾರ್," ಎಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ.